ಅಳಿಸುವವನಿಗೆ ಕೊಟ್ಟ ಅನುಮತಿ

"ಅನುಮತಿ ಇಲ್ಲ" ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನುಷ್ಯರು ಹೇಳಿದರೆ ಹಲ್ಲು ಕಚ್ಚಿ ಸುಮ್ಮನಿರುತ್ತೇನೆ. ಹೇಳುವವರೆಲ್ಲ ನನಗಿಂತ ಮೇಲಿನ ಹುದ್ದೆಯವರು. ಕಂಪ್ಯೂಟರ್ ಹೇಳಿದರೆ ಮಾತ್ರ ನನ್ನ ಶೌರ್ಯ ಕೆರಳುತ್ತದೆ.

ಎಣ್ಮಕಜೆ ಕಡೆಯ ಸಣ್ಣ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ವೈದ್ಯಕೀಯ ಶಿಬಿರಕ್ಕೆ ಹೆಸರು ಕೊಡುವವರ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಡುತ್ತೇವೆ; ಶಿಬಿರದ ಪಟ್ಟಿ ತಯಾರಾಗುವುದು ಅದರಿಂದಲೇ. ಅದೇ ಸರ್ವರಿನಲ್ಲಿ, ಹತ್ತು ದಿನ ಯಾರೂ ಮುಟ್ಟದ ತಾತ್ಕಾಲಿಕ ಫೈಲುಗಳನ್ನು ಅಳಿಸುವ ಪ್ರೋಗ್ರಾಮ್ ಒಂದಿದೆ. ಅದು ಯಾವ ಫೋಲ್ಡರಿಗೆ ಕಾಲಿಡಬಹುದು, ಯಾವುದಕ್ಕೆ ಕೂಡದು ಎಂದು ಕಡ್ಡಾಯವಾದ ನಿಯಮಗಳ ಫೈಲು, ಅಂದರೆ ಪಾಲಿಸಿ, ಉಂಟು. ಎಲ್ಲ ಅಧಿಕಾರವಿರುವ ಯಜಮಾನನ ಖಾತೆಯ ಹೆಸರಿನಲ್ಲೇ ಓಡಿದರೂ ಅದು ಗೆರೆ ದಾಟುವಂತಿಲ್ಲ. ಇದನ್ನು ಬರೆದಿಟ್ಟ ಪುಣ್ಯಾತ್ಮ ವರ್ಗವಾಗಿ ಹೋಗಿದ್ದ.

ಒಂದು ದಿನ ಡಿಸ್ಕ್ ತುಂಬಿ ಸ್ಕ್ಯಾನರ್ ನಿಂತಿತು. ಸ್ಕ್ಯಾನ್ ಮಾಡಿದ ಕಾಗದಗಳ ಪಕ್ಕದಲ್ಲೇ ನಮ್ಮ ಕಚೇರಿಯವರೊಬ್ಬರು ತಮ್ಮ ನಾದಿನಿಯ ಮದುವೆಯ ವಿಡಿಯೊ ತುಂಬಿಸಿಟ್ಟಿದ್ದರು. ಪ್ರೋಗ್ರಾಮಿಗೆ ಆ ವಿಡಿಯೊ ಅಳಿಸೆಂದು ಹೇಳಿದೆ. ಅನುಮತಿ ಇಲ್ಲ ಎಂದಿತು. ಹಿಂದೆ ನಿಂತಿದ್ದ ಮೇಲಧಿಕಾರಿ, "ಎಂತ ಮಾರಾಯ, ನಿನ್ನ ಮಾತು ಮಿಷನ್ ಸಹ ಕೇಳುವುದಿಲ್ವಾ?" ಎಂದರು. ಅಷ್ಟು ಸಾಕಾಯಿತು. ಪಾಲಿಸಿಗೆ ಎರಡು ಸಾಲು ಸೇರಿಸಿ, ಎಲ್ಲ ಫೋಲ್ಡರಿಗೂ ಅನುಮತಿ ಕೊಟ್ಟುಬಿಟ್ಟೆ.

ಮರುದಿನ ಸರ್ವರ್ ಬೆಳ್ಳಗೆ ಹೊಳೆಯುತ್ತಿತ್ತು. ಮದುವೆಯೂ ಇಲ್ಲ, ಹತ್ತು ದಿನಕ್ಕಿಂತ ಹಳೆಯ ಕಾಗದಗಳೂ ಇಲ್ಲ. ಬ್ಯಾಕಪ್ ಎಂಬುದು ನಾನು ಮುಂದಿನ ವಾರ ಮಾಡಬೇಕೆಂದಿದ್ದ ಕೆಲಸ.

ಹೋದ ಕಾಗದಗಳಲ್ಲಿ ಅಲ್ಲೇ ಹತ್ತಿರದ ಲೀಲಕ್ಕನ ಮಗಳದ್ದೂ ಇತ್ತು. ಹುಡುಗಿಗೆ ಹತ್ತೊಂಬತ್ತು, ಹುಟ್ಟಿದಾಗಿನಿಂದ ನಡೆದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಶಿಬಿರದಿಂದ ವಾಪಸು ಕಳಿಸಿದರಂತೆ. ಎತ್ತಿಕೊಂಡು ಜೀಪು ಹತ್ತಿಸಿದ್ದು, ಹಾಗೆಯೇ ಇಳಿಸಿದ್ದು, ಎಲ್ಲ ದಂಡ. ಕೇಳಲು ಬಂದಾಗ ನಾನು, "ಸಿಸ್ಟಮಿನ ತೊಂದರೆ ಅಕ್ಕಾ" ಎಂದೆ. ಅವರು ವಾಪಸು ಹೋದರು. ಪಾಲಿಸಿಯನ್ನು ಮೊದಲಿನಂತೆ ಮಾಡಿದ್ದಕ್ಕೆ ಮೀಟಿಂಗಿನಲ್ಲಿ ಮೇಲಧಿಕಾರಿ ನನ್ನನ್ನು ಹೊಗಳಿದರು.

ಎರಡು ದಿನ ಬಿಟ್ಟು ಲೀಲಕ್ಕ ಮತ್ತೆ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಲ್ಲದರ ಜೆರಾಕ್ಸ್, ಎರಡೆರಡು ಪ್ರತಿ.

"ಒಂದು ಇಡ್ಲಿಕ್ಕೆ. ಇನ್ನೊಂದು ನಿಮ್ಮ ಮಿಷನಿಗೆ ತಿನ್ಲಿಕ್ಕೆ" ಎಂದರು.

ನಗು ಬರಲಿಲ್ಲ. ಸ್ಕ್ಯಾನ್ ಮಾಡುತ್ತಾ ಕೊನೆಗೂ ಬಾಯಿಬಿಟ್ಟೆ: "ಅಕ್ಕಾ, ತಪ್ಪು ಮಿಷನಿನದ್ದಲ್ಲ. ಅಳಿಸಲಿಕ್ಕೆ ಬಿಟ್ಟವನು ನಾನೇ."

"ಗೊತ್ತುಂಟು ಮಾರಾಯ್ರೆ" ಎಂದರು ಲೀಲಕ್ಕ. "ಅವತ್ತು ನನ್ನ ಮುಖ ನೋಡದೆ ಮಾತಾಡಿದ್ದು ಮಿಷನ್ ಅಲ್ಲವಲ್ಲ."