ಭಾವ ಬ್ಯಾಂಕಿಗೆ ಹೋದರು

ಥಾಣೆಯ ನೌಪಾಡಾದಲ್ಲಿ ಕಳೆದ ಮಳೆಗಾಲದ ಒಂದು ಮಂಗಳವಾರ ಗಂಭೀರ ಘಟನೆಯೊಂದು ನಡೆಯಿತು. ನಮ್ಮ ಭಾವ ತಮ್ಮದೇ ಹೋಟೆಲಿನ ಫಿಲ್ಟರ್ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಹೋಟೆಲು ತೆರೆದಂದಿನಿಂದ ಇಂಥದ್ದು ಆದದ್ದಿಲ್ಲ. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್ ಆದ ದಿನವೂ ಅವರು ಲೋಟ ಖಾಲಿ ಮಾಡಿಯೇ ಸುದ್ದಿ ಕೇಳಿದವರು. ಹೋಟೆಲಿನವರ ಮನೆಗಳಲ್ಲಿ ಒಂದಲ್ಲ ಒಂದು ಘಟನೆ ಆಗುತ್ತಲೇ ಇರುತ್ತದೆ. ಹೊರಗೆ ಗೊತ್ತಾಗುವುದಿಲ್ಲ, ಅಷ್ಟೆ. ಗೊತ್ತಾಗದ ಹಾಗೆ ನೋಡಿಕೊಳ್ಳುವುದರಲ್ಲೇ ಅರ್ಧ ಪ್ರಾಣ ಹೋಗುತ್ತದೆ. ಈ ಸಲ ಉಳಿದರ್ಧವೂ ಹೊರಟು ನಿಂತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅರುವತ್ತು ದಾಟಿದವರು, ಬಿಪಿ ಮಾತ್ರೆ ನುಂಗುವವರು. ನಾನು ಕಚೇರಿಯಿಂದ ನಿವೃತ್ತನಾದ ಮೇಲೆ ಅವರ ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತೇನೆ.

ಬ್ಯಾಂಕಿನ ಕೆಲಸ

ಭಾವ ಶೌಚಾಲಯದಿಂದ ಬಂದವರೇ ನನ್ನನ್ನು ಅಕ್ಕಿ ಮೂಟೆಗಳ ಹಿಂದೆ ಎಳೆದುಕೊಂಡು ಹೋದರು.

"ಮಾರಾಯ, ಹೊಟ್ಟೆ ಕೆಟ್ಟಿದೆ. ನೀರಿನ ಹಾಗೆ ಹೋಗ್ತಾ ಉಂಟು. ಯಾರಿಗೂ ಹೇಳಬೇಡ."

"ಇದರಲ್ಲಿ ಗುಟ್ಟು ಎಂತದು ಭಾವ? ಎಲ್ಲರಿಗೂ ಆಗ್ತದೆ."

"ಎಲ್ಲರಿಗೂ ಆಗಲಿ. ಹೋಟೆಲಿನವನಿಗೆ ಆಗಬಾರದು. ಗಿರಾಕಿ ಎಂತ ಹೇಳಿಯಾನು? ಇವನ ಇಡ್ಲಿ ಇವನಿಗೇ ಆಗ್ಲಿಲ್ಲ ಅಂತ ಹೇಳ್ತಾನೆ."

"ಹೊರಗೆ ತಿಂದದ್ದು ಅಂತ ಹೇಳುವ."

"ಆಗ ಇವನ ಇಡ್ಲಿ ಇವನೇ ತಿನ್ನುವುದಿಲ್ಲ ಅಂತ ಹೇಳ್ತಾನೆ."

ವಾದದಲ್ಲಿ ಎಲ್ಲಿಯೂ ಸಂದಿ ಇರಲಿಲ್ಲ. ನಿಜ ಸಂಗತಿಯನ್ನು ಅವರು ಆಮೇಲೆ ಪಿಸುಗುಟ್ಟಿದರು. ಭಾನುವಾರ ತುರ್ಭೆಯಲ್ಲಿ ಹೋಟೆಲು ಮಾಲಕರ ಸಭೆ ಇತ್ತು. ವಿಷಯ: ಅಡುಗೆಮನೆಯ ಶುಚಿತ್ವ. ಭಾವನದೂ ಒಂದು ಭಾಷಣ ಇತ್ತು. ಸಭೆ ಮುಗಿದ ಮೇಲೆ ಗೇಟಿನ ಹೊರಗೆ ಗಾಡಿಯಲ್ಲಿ ಪಾನಿಪುರಿ ತಿಂದಿದ್ದಾರೆ.

"ಯಾರಾದರೂ ನೋಡಿದರಾ?"

"ಇಲ್ಲ. ಎಲ್ಲರೂ ಹೋಗುವ ತನಕ ಕಾದೆ."

ಹೋಟೆಲಿನ ಮೇಲಿನ ಮಾಳಿಗೆಯಲ್ಲೇ ಡಾಕ್ಟರರಿದ್ದಾರೆ. ಆದರೆ ಅವರು ದಿನಾ ನಮ್ಮಲ್ಲೇ ಇಡ್ಲಿ ತಿನ್ನುವವರು, ಹಾಗಾಗಿ ಅವರಿಗೆ ತೋರಿಸುವಂತಿರಲಿಲ್ಲ. ಅಂದಿನಿಂದ ಭಾವ ಒಳಗೆ ಓಡಿದಾಗಲೆಲ್ಲ, ಕೇಳಿದವರಿಗೆ "ಸೇಠ್ ಬ್ಯಾಂಕಿಗೆ ಹೋಗಿದ್ದಾರೆ" ಎನ್ನುವುದೆಂದು ತೀರ್ಮಾನವಾಯಿತು. ಬ್ಯಾಂಕಿಗೆ ಲುಂಗಿ ಎತ್ತಿ ಕಟ್ಟಿ ಓಡುವವರನ್ನು ನೌಪಾಡಾದ ಜನ ಅಂದೇ ಮೊದಲು ನೋಡಿದ್ದು.

ಭಟ್ಟರ ರಾಜೀನಾಮೆ

ಬುಧವಾರ ಮಧ್ಯಾಹ್ನ ನಮ್ಮ ಅಡುಗೆ ಭಟ್ಟರು ಸೌಟು ಕೆಳಗಿಟ್ಟು ಗಲ್ಲಾದ ಮುಂದೆ ನಿಂತರು.

"ನಾನು ಬೇರೆ ಕೆಲಸ ನೋಡಿಕೊಳ್ಳಬೇಕಾ, ಒಮ್ಮೆ ಹೇಳಿಬಿಡಿ."

"ಯಾಕೆ ಭಟ್ರೆ?"

"ನಾನೇನು ಮಗುವಾ? ಒಂದೇ ದಿನದಲ್ಲಿ ಇಷ್ಟು ಸಲ ಬ್ಯಾಂಕಿಗೆ ಹೋಗುವುದು ಯಾರು? ಹೋಟೆಲು ಮಾರುವವನು. ಎದುರಿನ ಹೋಟೆಲಿನ ಮಾಲಕರೂ ನಿನ್ನೆಯಿಂದ ಗಲ್ಲಾದಲ್ಲಿ ಇಲ್ಲ. ಇಬ್ಬರೂ ಸೇರಿ ಬಿಲ್ಡರಿಗೆ ಕೊಡುವ ಏರ್ಪಾಡು. ಮುಖ ನೋಡಿ ಸೇಠರದ್ದು, ಒಂದೇ ದಿನದಲ್ಲಿ ಹೇಗೆ ಇಳಿದಿದೆ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡವರ ಮುಖ ಅದು."

ಮುಖ ಇಳಿದದ್ದು ನಿಜ. ಕಣ್ಣು ಗುಳಿಬಿದ್ದು, ತುಟಿ ಒಣಗಿತ್ತು. ಯಾಕೆಂದರೆ ಭಾವ ಆ ಹೊತ್ತಿಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾನು ಗದರಿದೆ. ಅವರು ಇಪ್ಪತ್ತು ಟೇಬಲಿನ ಹೋಟೆಲು ಕಟ್ಟಿ ಬೆಳೆಸಿದ ಗಾಂಭೀರ್ಯದಿಂದ ಹೇಳಿದರು: "ಟ್ಯಾಂಕಿಗೆ ನೀರು ಬಂದರೆ ತಾನೇ ಪೈಪು ಸೋರುವುದು? ಮೇಲಿನ ವಾಲ್ವು ಬಂದ್ ಮಾಡಿದ್ದೇನೆ."

ಸೋರುವುದು ನಿಲ್ಲಲಿಲ್ಲ. ಭಟ್ಟರು ಮಾತ್ರ ಆ ದಿನ ಸಾಂಬಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದರು.

ಸ್ಟ್ರಾಂಗ್ ಒಂದು

ಸಂಜೆ, ಅಕ್ಕನಿಂದ ವಿಷಯ ತಿಳಿದ ಭಾವನ ಮಗಳು ವಾಶಿಯ ಆಫೀಸಿನಿಂದ ಫೋನು ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ.

"ಪಪ್ಪಾ, ನಾಟಕ್ ಬಂದ್ ಕರೋ. ಓಆರ್‌ಎಸ್ ಪೀಯೋ, ಔರ್ ಕಲ್ ಡಾಕ್ಟರ್ ಕೋ ದಿಖಾವೋ."

ನಾಟಕ ನಿಲ್ಲಿಸಿ ಅದನ್ನು ಕುಡಿಯಿರಿ, ನಾಳೆ ಡಾಕ್ಟರರಿಗೆ ತೋರಿಸಿ ಎಂದು ಅಪ್ಪಣೆ. ಮೆಡಿಕಲ್ಲಿನಿಂದ ಓಆರ್‌ಎಸ್ ಎಂಬ ಉಪ್ಪು-ಸಕ್ಕರೆ ಪುಡಿಯ ಪ್ಯಾಕೆಟ್ಟುಗಳನ್ನು ನಾನೇ ತಂದೆ. ಮೇಲೆ ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು ಎಂದು ಸ್ಪಷ್ಟವಾಗಿ ಬರೆದಿತ್ತು. ಭಾವ ಅದನ್ನು ಓದಿ ಕನಿಕರದಿಂದ ನಕ್ಕರು. ಕಾಫಿ ಲೋಟದಲ್ಲಿ ಇಡೀ ಪ್ಯಾಕೆಟ್ಟು ಸುರಿದು, ಮೇಲೆ ನಾಲ್ಕು ಗುಟುಕು ನೀರು ಹಾಕಿ, ಅಭ್ಯಾಸದಂತೆ ಎತ್ತಿ ಎತ್ತಿ ಹೊಯ್ದು ನೊರೆ ಬರಿಸಿದರು.

"ಭಾವ, ಒಂದು ಲೀಟರ್!"

"ನೀರು ಜಾಸ್ತಿ ಹಾಕುವುದು ಲಾಭ ನೋಡುವವನು ಮಾರಾಯ. ಔಷಧಿ ನಮಗೇ ತಾನೇ? ಡಿಕಾಕ್ಷನ್ ಗಟ್ಟಿ ಇರಲಿ."

ಕುಡಿದ ಮೇಲೆ ಅವರು ಬಹಳ ಹೊತ್ತು ಬ್ಯಾಂಕಿನಿಂದ ಹಿಂತಿರುಗಲಿಲ್ಲ.

ಸ್ಲೋ ಲೋಕಲ್

ಗುರುವಾರ ಬೆಳಿಗ್ಗೆ ಭಾವನಿಗೆ ಜ್ವರ. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದಳು: "ನೀವು ಡಾಕ್ಟರರ ಹತ್ತಿರ ಹೋಗದಿದ್ದರೆ ನಾನು ಮೇಲಿನ ಡಾಕ್ಟರರನ್ನೇ ಗಲ್ಲಾದ ಹತ್ತಿರ ಕರ್ಕೊಂಡು ಬರ್ತೇನೆ. ಗಿರಾಕಿಗಳ ಎದುರೇ ನೋಡಲಿ."

ಭಾವ ಕೂಡಲೇ ಹೊರಟರು. ಆದರೆ ಥಾಣೆಯ ಡಾಕ್ಟರು ಆಗದು. ಡೊಂಬಿವಲಿಯಲ್ಲಿ ಕನ್ನಡ ಡಾಕ್ಟರಮ್ಮ ಒಬ್ಬರಿದ್ದಾರೆ, ಇಂಥ ವಿಷಯವನ್ನು ಮರಾಠಿಯಲ್ಲಿ ಹೇಳಲು ತಮ್ಮಿಂದಾಗದು ಎಂದರು. ಟ್ಯಾಕ್ಸಿ ಮಾಡೋಣವೆಂದೆ. "ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಎಲ್ಲಿಗೆ ಇಳಿಯುವುದು?" ಎಂದು ಕೇಳಿದರು. ರೈಲು ಸ್ಟೇಶನ್ನಿಗೆ ನಡೆದೆವು.

ಫಾಸ್ಟ್ ಗಾಡಿ ಬಂತು, ಬಿಟ್ಟೆವು. ಫಾಸ್ಟಿನಲ್ಲಿ ಬೇಗ ಮುಟ್ಟಬಹುದು, ಆದರೆ ನಡುವೆ ನಿಲ್ಲುವುದು ಕಡಿಮೆ. ಲೋಕಲ್ ಡಬ್ಬಿಯಲ್ಲಿ ಶೌಚಾಲಯ ಇರುವುದಿಲ್ಲ. ಸ್ಲೋ ಆದರೆ ಕಳ್ವಾ, ಮುಂಬ್ರಾ, ದಿವಾ, ಕೋಪರ್, ಪ್ರತಿ ಸ್ಟೇಶನ್ನೂ ಒಂದು ಆಸರೆ. ಊರೆಲ್ಲ ಫಾಸ್ಟಿಗಾಗಿ ಹೊಡೆದಾಡುವಾಗ ಭಾವ ಬಾಗಿಲಿನ ಕಂಬ ಹಿಡಿದು, ಸ್ಲೋ ಗಾಡಿ ಇನ್ನೂ ಹೆಚ್ಚು ಕಡೆ ಯಾಕೆ ನಿಲ್ಲುವುದಿಲ್ಲ ಎಂದು ರೈಲ್ವೆಯನ್ನು ಬೈಯುತ್ತಿದ್ದರು.

ಕಳ್ವಾ ದಾಟಿತು. ಮುಂಬ್ರಾದಲ್ಲಿ ಅವರ ಕಣ್ಣು ಮುಚ್ಚಿತ್ತು. ದಿವಾದಲ್ಲಿ ಇಳಿದೇ ಬಿಟ್ಟರು.

ಶೌಚಾಲಯದಿಂದ ಹಿಂತಿರುಗಿ ಬಂದವರು ಪ್ಲಾಟ್‌ಫಾರ್ಮಿನ ಬೆಂಚಿಗೆ ಕುಸಿದರು. ಎಬ್ಬಿಸಿ ನಿಲ್ಲಿಸಿದರೆ ತಲೆ ತಿರುಗಿ ನನ್ನ ಮೇಲೇ ವಾಲಿದರು. ಕೈ ತಣ್ಣಗಿತ್ತು.

"ಗಲ್ಲಾದಲ್ಲಿ ಯಾರು ಕೂತಿದ್ದಾರೆ?" ಎಂದರು.

"ಅಕ್ಕ."

ಸ್ವಲ್ಪ ಹೊತ್ತಿಗೆ ಮತ್ತೆ, "ಗಲ್ಲಾದಲ್ಲಿ ಯಾರು?"

"ಅಕ್ಕ, ಭಾವ."

ಮತ್ತೆ ಅದೇ ಪ್ರಶ್ನೆ. ಗಲ್ಲಾದ ವಿಷಯದಲ್ಲಿ ಒಮ್ಮೆ ಕೇಳಿದ್ದನ್ನು ಮರೆಯುವ ಮನುಷ್ಯ ಅವರಲ್ಲ. ಪಕ್ಕದಲ್ಲಿದ್ದ ಇಬ್ಬರು ಅವರನ್ನು ಎತ್ತಿ ಮುಂದಿನ ಗಾಡಿಗೆ ಹತ್ತಿಸಿದರು. ನೂಕುನುಗ್ಗಲಿಗೆ ಹೆಸರಾದ ದಿವಾದಲ್ಲಿ ಗಾಡಿ ಹತ್ತಲು ಹೊರಗಿನವನಿಗೆ ಜಾಗ ಸಿಕ್ಕಿತು ಎಂದರೆ ಸ್ಥಿತಿ ಎಷ್ಟು ಕೆಟ್ಟಿತ್ತೆಂದು ಓದುಗರೇ ಊಹಿಸಬೇಕು.

ಯಾರೂ ಕೇಳದ ಪ್ರಶ್ನೆ

ಡೊಂಬಿವಲಿಯ ಡಾಕ್ಟರಮ್ಮ ಧಾರವಾಡದ ಕಡೆಯವರು. ನಾಲಿಗೆ ನೋಡಿದರು, ಕೈಯ ಚರ್ಮ ಚಿವುಟಿ ಬಿಟ್ಟರು. ಅದು ಚಿವುಟಿದ ಹಾಗೆಯೇ ನಿಂತಿತು.

"ಎಷ್ಟ್ ಸಲ ಹೋಗೇದ ಅನ್ನೋದು ಇರ್ಲಿ ಯಜಮಾನ್ರ. ಮೂತ್ರ ಯಾವಾಗ ಮಾಡೀರಿ?"

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೋಗುತ್ತಿದ್ದುದರ ಮೇಲೆ ನಾವೆಲ್ಲ ಕಣ್ಣಿಟ್ಟಿದ್ದೆವು. ಹೋಗದೆ ನಿಂತದ್ದನ್ನು ಯಾರೂ ಗಮನಿಸಿರಲಿಲ್ಲ.

"ನಿನ್ನೆ... ಬೆಳಿಗ್ಗೆ ಇರಬೇಕು."

"ನೀರು?"

"ಬಿಟ್ಟಿದ್ದೇನೆ."

"ಬಿಪಿ ಗುಳಿಗಿ?"

"ಅದು ಬಿಟ್ಟಿಲ್ಲ," ಭಾವ ಹೆಮ್ಮೆಯಿಂದ ಹೇಳಿದರು.

"ಬಿಡಬಾರದ್ದು ಬಿಟ್ಟೀರಿ, ನನ್ನ ಕೇಳಿ ನಿಲ್ಲಸಬೇಕಾದ್ದು ನುಂಗೀರಿ. ನೋಡ್ರಿ, ರಕ್ತ ಕಂಡ್ರ ಬರಬೇಕು. ಜ್ವರ ಬಂದ್ರ ಬರಬೇಕು. ಎರಡು ದಿನದಾಗ ನಿಲ್ಲದಿದ್ರ, ನಿಂತ್ರ ತಲಿ ತಿರುಗಿದ್ರ, ಮೂತ್ರ ಬರದಿದ್ರ ಓಡಿ ಬರಬೇಕು. ವಯಸ್ಸಾದವರು, ಸಣ್ಣ ಕೂಸು ಅಂದ್ರ ಅದಕ್ಕಿಂತ ಮೊದಲೇ ಬರಬೇಕು. ನೀವು ರಕ್ತ ಒಂದು ಬಿಟ್ಟು ಎಲ್ಲಾ ಮುಗಿಸ್ಕೊಂಡು ಬಂದೀರಿ. ಇನ್ನೂ ತಡಾ ಮಾಡಿದ್ರ ಕಿಡ್ನಿಗೇ ಪೆಟ್ಟು ಬೀಳ್ತಿತ್ತು."

ನಾನು ಓಆರ್‌ಎಸ್ ಡಿಕಾಕ್ಷನ್ನಿನ ವಿಷಯವನ್ನೂ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಎರಡು ದಿನದಾಗ ಇದು ಎರಡನೇ ಕೇಸು ನೋಡ್ರಿ. ನಿಮ್ಮ ಹೋಟೆಲಿನವರಿಗೆ ಯಾರಾದರೂ ಲೀಟರ್ ಅಂದ್ರೇನು ಅಂತ ಹೇಳಿಕೊಡಬಾರದೇನು?"

ಪಕ್ಕದ ಹಾಸಿಗೆ

ಮೊದಲನೇ ಕೇಸು ಯಾರದೆಂದು ವಾರ್ಡಿನೊಳಗೆ ಹೋದ ಮೇಲೆ ತಿಳಿಯಿತು. ಭಾವನಿಗೆ ಸಲೈನ್ ಚುಚ್ಚಿ ಮಲಗಿಸಿದರು. ಪಕ್ಕದ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ, ತಲೆತನಕ ಚಾದರ ಹೊದ್ದು ಒಬ್ಬರು ಮಲಗಿದ್ದರು. ಸಲೈನ್ ಬಾಟಲಿ ಅವರಿಗೂ ತೂಗುತ್ತಿತ್ತು. ಸಂಜೆಯ ಹೊತ್ತಿಗೆ ಭಾವನಿಗೆ ಮೂತ್ರ ಬಂತು. ಆ ಸುದ್ದಿಯನ್ನು ನಾನು ಫೋನಿನಲ್ಲಿ ಅಕ್ಕನಿಗೆ ಕೂಗಿ ಹೇಳಿದಾಗ ಪಕ್ಕದ ಚಾದರ ಮೆಲ್ಲನೆ ಸರಿಯಿತು.

ನಮ್ಮ ಎದುರಿನ ಹೋಟೆಲಿನ ಮಾಲಕರು.

ಇಬ್ಬರೂ ಒಬ್ಬರ ಬಾಟಲಿ ಒಬ್ಬರು ನೋಡಿದರು.

"ಬಿಪಿ ಚೆಕ್ಕಿಗೆ ಬಂದದ್ದು," ಎಂದರು ಭಾವ.

"ನಾನೂ ಅದಕ್ಕೇ," ಎಂದರು ಅವರು.

ನರ್ಸ್ ಬಂದು ಇಬ್ಬರಿಗೂ ಒಟ್ಟಿಗೆ ಮರಾಠಿಯಲ್ಲಿ ಗಟ್ಟಿಯಾಗಿ, "ಕಾಕಾ, ಜುಲಾಬ್ ಥಾಂಬ್ಲೇ ಕಾ?" ಎಂದು ಭೇದಿ ನಿಂತಿತೇ ಎಂದು ವಿಚಾರಿಸಿ ಹೋದಳು. ಆಮೇಲೆ ಬಿಪಿಯ ಮಾತು ಬರಲಿಲ್ಲ.

"ತುರ್ಭೆಯಾ?" ಭಾವ ಮೆಲ್ಲಗೆ ಕೇಳಿದರು.

"ತುರ್ಭೆಯೇ."

"ಆದರೆ ನಾನು ಎಲ್ಲರೂ ಹೋಗುವ ತನಕ ಕಾದೇ ತಿಂದದ್ದು! ನೀವು ಇರಲಿಲ್ಲ."

"ಇದ್ದೆ ಮಾರಾಯ್ರೆ. ನೀವು ತಿಂದು ಮುಗಿಸಿ ಹೋಗಲಿ ಅಂತ ಕಾರಿನೊಳಗೆ ಬಗ್ಗಿ ಕೂತಿದ್ದೆ. ನೀವು ಎರಡೆರಡು ಪ್ಲೇಟು ತಿಂದದ್ದು ನೋಡಿ, ಒಳ್ಳೆಯದೇ ಇರಬೇಕು ಅಂತ ಧೈರ್ಯ ಬಂತು."

ಇಬ್ಬರೂ ಶನಿವಾರ ಮನೆಗೆ ಹೋದರು. ಭಟ್ಟರು ಕೆಲಸ ಬಿಡಲಿಲ್ಲ. ಎರಡೂ ಹೋಟೆಲುಗಳು ನಡೆಯುತ್ತಿವೆ.