ಅಟ್ಟದ ಮೇಲಿನ ಯಂತ್ರ ಮಹಾಶಯರಿಗೆ, ಫಿಲ್ಟರ್ ಬಚ್ಚಿಟ್ಟ ವಿಚಾರವಾಗಿ

ಮಾನ್ಯರೇ,

ನಮ್ಮ ಅಟ್ಟದಲ್ಲಿ ಆಸೀನರಾಗಿ, ಚಳಿಯಲ್ಲಿ ಬೆಚ್ಚಗೂ ಸೆಕೆಯಲ್ಲಿ ತಣ್ಣಗೂ ಗಾಳಿ ಊದಿ ಈ ಮನೆಯನ್ನು ಕಾಪಾಡಿಕೊಂಡು ಬರುತ್ತಿರುವ ತಮಗೆ ಕೆಳಗಿನವರ ಸವಿನಯ ವಂದನೆಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಂಬಿಕೆ ಅಷ್ಟೇ, ಖಾತ್ರಿಯಿಲ್ಲ, ಯಾಕೆಂದರೆ ಕಳೆದ ವಾರ ಮಧ್ಯಾಹ್ನ ಕತ್ತರಿ ಹಿಡಿದುಕೊಂಡೇ ತೂಕಡಿಸಿದಾಗ ನನಗೊಂದು ಕೆಟ್ಟ ಕನಸು ಬಿತ್ತು. ತಾವು ಏಣಿ ಇಳಿದು ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಅಳತೆ ಕೊಡುವವರ ಹಾಗೆ ಎರಡೂ ಕೈ ಅಗಲಿಸಿ ಕೆಮ್ಮಲು ಶುರುಮಾಡಿದಿರಿ. ಮೊದಲು ದಾರದ ಉಂಡೆ ಬಂತು, ಆಮೇಲೆ ಗುಂಡಿಗಳು, ಆಮೇಲೆ ನಮ್ಮಕ್ಕನ ಉಣ್ಣೆ ಶಾಲು, ಶಾಲಿನ ಬೆನ್ನಿಗೇ ಅಕ್ಕನ ಕನ್ನಡಕ. ಇನ್ನು ಯಾರು ಬರುತ್ತಾರೋ ಎಂಬ ಭಯಕ್ಕೆ ಎಚ್ಚರವಾಯಿತು. ಅಷ್ಟರಲ್ಲಿ ಕತ್ತರಿ ಗಿರಾಕಿಯ ಪ್ಯಾಂಟಿನ ಒಂದು ಕಾಲನ್ನು ಚಡ್ಡಿ ಮಾಡಿ ಮುಗಿಸಿತ್ತು. ಇದನ್ನು ದೂರೆಂದು ಬರೆಯುತ್ತಿಲ್ಲ, ತಮ್ಮ ಗಮನಕ್ಕೆ ಮಾತ್ರ.

ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಲಕೋಟೆಯಲ್ಲಿಟ್ಟು ಕಳಿಸೋಣವೆಂದರೆ, ಅದನ್ನು ತಮ್ಮೊಳಗೆ ತೂರಿಸುವ ಸಂದು ಎಲ್ಲಿದೆ ಎಂದು ಹುಡುಕುವುದಕ್ಕೆ ಇನ್ನೊಂದು ವಾರ ಬೇಕು. ನಾನು ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಉಸಿರಾಟದ ಪಾಠ ಪುಸ್ತಕದ ಉಳಿದರ್ಧದಲ್ಲಿ ಇತ್ತಂತೆ. ಆದ್ದರಿಂದ ತಪ್ಪಿದ್ದರೆ ತಿದ್ದಿಕೊಂಡು ಓದುವುದು.

ನಮ್ಮಕ್ಕ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ್ದು ತಮಗೆ ಗೊತ್ತೇ ಇದೆ, ಸ್ಟ್ರೆಚರ್ ತಮ್ಮ ಕೆಳಗಿನಿಂದಲೇ ಹೋಯಿತು. ಮನೆಗೆ ಕಳಿಸುವ ಮಾತು ಬಂದಾಗ ನರ್ಸಮ್ಮ ನನ್ನ ಸೆರಗಿಗೆ ಅಂಟಿದ್ದ ದಾರದ ಚೂರುಗಳನ್ನು ಒಂದು ಸಲ, ನನ್ನ ಮುಖವನ್ನು ಒಂದು ಸಲ ನೋಡಿ, "ಮನೇಲೇ ಹೊಲಿತೀರಾ? ಹಾಗಿದ್ರೆ ಮೊದ್ಲು ಮನೆಗೆ ಗಾಳಿ ಊದೋ ಮಿಷನ್ನಿನ ಧೂಳು ಹಿಡಿಯೋ ಫಿಲ್ಟರ್ ಬದಲಾಯಿಸಿ, ಆಮೇಲೆ ಇವರನ್ನ ಕರ್ಕೊಂಡು ಹೋಗಿ. ಆಗ್ದಿದ್ರೆ ಮಗನ ಮನೆಗೆ ಕಳಿಸಿ" ಅಂದರು. ಅಕ್ಕನ ಮಗ ಒಳ್ಳೆಯವನು, ತೊಂದರೆ ಅದೇ. ಒಮ್ಮೆ ಕರೆದುಕೊಂಡು ಹೋದರೆ ವಾಪಸ್ ಬಿಡುವವನಲ್ಲ. ಅಕ್ಕನಂತೂ ಮೂಗಿನ ಕೊಳವೆ ಸರಿಸಿ, "ಅವನ ಮನೇಲಿ ನಾಯಿ ಸೋಫಾ ಮೇಲೆ ಕೂರುತ್ತೆ, ನಾನು ಕೂತ್ರೆ ನನ್ನನ್ನೇ ಗುರಾಯಿಸುತ್ತೆ, ನಾನು ಹೋಗಲ್ಲ ಕಣೇ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳು ಹೋದರೆ ನನ್ನ ಹೊಲಿಗೆಗೆ ಹೆಸರಿಡುವವರು ಈ ಮನೆಯಲ್ಲಿ ಯಾರಿದ್ದಾರೆ, ತಾವೇ ಹೇಳಿ.

ಹೀಗೆ ಫಿಲ್ಟರ್ ಕೊಳ್ಳಲು ಓಡಿದರೆ, ಅಂಗಡಿಯವರು "ಸೈಜ್ ಹೇಳಿಮ್ಮ, ಹಳೇದರ ಅಂಚಲ್ಲಿ ಬರ್ದಿರುತ್ತೆ" ಅಂದರು. ಹಳೆಯದು ಎಲ್ಲಿದೆ ಎಂದೆ. "ಮಿಷನ್ ನಿಮ್ದೋ ನಂದೋ?" ಅಂದರು. ಅಲ್ಲಿಂದ ನನ್ನ ಪಾಡು ಶುರುವಾಯಿತು, ತಮ್ಮ ದೊಡ್ಡತನದ ಪರಿಚಯವೂ ಅಲ್ಲಿಂದಲೇ ಆಯಿತು. ಇಷ್ಟು ದೊಡ್ಡ ಮೈ ಇಟ್ಟುಕೊಂಡು, ಒಳಗಿನ ಒಂದೇ ಒಂದು ವಸ್ತುವನ್ನು ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಕಾಪಾಡಿಕೊಳ್ಳುವ ಮಾನ ಮರ್ಯಾದೆ ಇವತ್ತಿನ ಕಾಲದಲ್ಲಿ ಮನುಷ್ಯರಲ್ಲೇ ಕಾಣುವುದಿಲ್ಲ. ತಮ್ಮ ಜೊತೆ ಬಂದಿದ್ದ ಕೈಪಿಡಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ. ಫಿಲ್ಟರನ್ನು ಹೇಗೆ ಬದಲಾಯಿಸಬೇಕೆಂದು ಚಿತ್ರಸಮೇತ ಇತ್ತು. ಎಲ್ಲಿದೆ ಎಂಬುದಕ್ಕೆ 'ಜೋಡಿಸಿದವರು ಇಟ್ಟ ಜಾಗದಲ್ಲಿ' ಎಂದಿತ್ತು. ಇಂಥ ಸತ್ಯವಾದ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಜೋಡಿಸಿದವರಿಗೆ ಫೋನು ಮಾಡಿದರೆ ಕಂಪನಿಯನ್ನು ಕೇಳಿ ಅಂದರು, ಕಂಪನಿಯವರು ಕೈಪಿಡಿ ನೋಡಿ ಅಂದರು, ನಡುವೆ ಒಂದು ಹೆಣ್ಣುದನಿ ನನ್ನ ಕರೆ ಅವರಿಗೆ ಬಹಳ ಅಮೂಲ್ಯವೆಂದು ಅಷ್ಟು ಪ್ರೀತಿಯಿಂದ ಹೇಳುತ್ತಲೇ ಇತ್ತೆಂದರೆ, ಕಡೆಗೆ ನನಗೇ ಸಂಕೋಚವಾಗಿ ಇಟ್ಟುಬಿಟ್ಟೆ.

ಎದುರು ಮನೆಯ ಟ್ಯಾಕ್ಸಿ ಡ್ರೈವರ್ ಸಹಾಯಕ್ಕೆ ಬಂದ. ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಮ್ದಾದ್ರೆ ಬಾನೆಟ್ ಎತ್ತಿದ್ರೆ ಎದುರಿಗೇ ಕೂತಿರುತ್ತೆ ಆಂಟಿ, ಇದ್ರ ಬಾನೆಟ್ ಎಲ್ಲಿ?" ಎಂದು ನನ್ನನ್ನೇ ಕೇಳಿದ. ಇಬ್ಬರೂ ಸೇರಿ ಎಲ್ಲ ಕೋಣೆಗಳಲ್ಲೂ ತಾವು ಗಾಳಿ ಊದುವ ಕಿಂಡಿಗಳನ್ನು ಬಿಚ್ಚಿ ಇಣುಕಿದೆವು. ಅಕ್ಕನ ಕಳೆದುಹೋದ ಓಲೆ ಸಿಕ್ಕಿತು; ಅದಕ್ಕಾಗಿ ನಾವು ಬಿಡಿಸಿದ ಕೆಲಸದವಳ ನೆನಪಾಗಿ ನಾನು ಓಲೆಯನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಫಿಲ್ಟರ್ ಮಾತ್ರ ಇಲ್ಲ. ತಮಗೆ ಊದುವ ಬಾಯಿಗಳು ಅಷ್ಟೊಂದಿದ್ದರೂ, ಎಳೆದುಕೊಳ್ಳುವ ಮೂಗು ಬೇರೆ ಒಂದಿದೆ, ಫಿಲ್ಟರ್ ಇರುವುದು ಆ ಮೂಗಿನಲ್ಲಿ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕಡೆಗೆ ತಮ್ಮ ಹೊಟ್ಟೆಯನ್ನೇ ಬಿಚ್ಚುವುದೆಂದು ತೀರ್ಮಾನವಾಗಿ, ಶಾಕ್ ಹೊಡೆಯದಿರಲೆಂದು ಡ್ರೈವರ್ ಮೇನ್ ಸ್ವಿಚ್ ಆರಿಸಿದ. ತಾವು ಸುಮ್ಮನಾದ ಮರುಕ್ಷಣವೇ ನನ್ನ ಹೊಲಿಗೆ ಕೋಣೆಯಲ್ಲಿ ಸರಸರ ಸದ್ದಾಯಿತು. ಹೋಗಿ ನೋಡಿದರೆ ನನ್ನ ಕಾಗದದ ಮಾದರಿಗಳೆಲ್ಲ, ತೋಳು, ಕಾಲರು, ಜೇಬು, ನೆಲದ ಮೇಲೆ ಬಿದ್ದಿವೆ. ಇಲ್ಲಿ ತಮಗೆ ಒಂದು ಮಾತು ಬಿಡಿಸಿ ಹೇಳಬೇಕು. ಆ ಕೋಣೆಯ ಗೋಡೆಯಲ್ಲಿ ಕಿಟಕಿಯಷ್ಟು ದೊಡ್ಡ ಜಾಲರಿಯಿದೆ. ಈ ಮನೆಗೆ ಬಂದ ಹೊಸದರಲ್ಲಿ ಅದರ ಬಳಿ ಒಂದು ಕಾಗದ ಹಿಡಿದಾಗ ಟಪ್ಪೆಂದು ಅಂಟಿಕೊಂಡಿತು. ಗುಂಡುಸೂಜಿಯ ಹಂಗಿಲ್ಲದ ಗೋಡೆ ಯಾವ ದರ್ಜಿಗೆ ಸಿಕ್ಕೀತು? ತಾವು ನನ್ನ ಕಸುಬಿಗೆ ಮಾಡಿಕೊಟ್ಟ ಅನುಕೂಲವೆಂದೇ ತಿಳಿದು, ಇದ್ದಬದ್ದ ಮಾದರಿಗಳನ್ನೆಲ್ಲ ಅಲ್ಲಿಯೇ ಅಂಟಿಸುತ್ತ ಬಂದೆ, ಬಂದವರಿಗೆಲ್ಲ ತೋರಿಸಿ ಹೊಗಳಿದೆ. ಅದು ತಮ್ಮ ಮೂಗಂತೆ! ಸ್ವಾಮಿ, ನಾನು ಇಷ್ಟು ವರ್ಷ ತಮ್ಮ ಮೂಗು ಮುಚ್ಚಿ ಹಿಡಿದಿದ್ದರೂ ತಾವು ಉಸಿರೆತ್ತಲಿಲ್ಲ. ನೆಗಡಿಯಾದರೆ ನಾನು ಇಡೀ ಬೀದಿಗೆ ಹೇಳುತ್ತೇನೆ. ನಮ್ಮ ಮನೆಯ ಕುಕ್ಕರ್ ಕೂಡ ತಡೆಯಲಾರದೆ ಕೂಗುತ್ತದೆ. ತಾವು ಮಾತ್ರ ಮಹಾತ್ಮರ ಹಾಗೆ ಎಲ್ಲವನ್ನೂ ಸಹಿಸಿಕೊಂಡು, ಆ ಸಹನೆಯ ಫಲವನ್ನು ನಮ್ಮಕ್ಕನ ಎದೆಗೆ ಕಳಿಸುತ್ತಿದ್ದಿರಿ.

ಜಾಲರಿಯ ಚಿಲಕ ಎತ್ತಿದಾಗ ಒಳಗಿದ್ದ ಫಿಲ್ಟರ್ ಕಂಬಳಿಯ ಹಾಗಿತ್ತು. ಕತ್ತರಿಸಿದ್ದರೆ ಒಂದು ದೊಡ್ಡಾಳಿನ ಕೋಟಿನ ಒಳಗೆ ಅಸ್ತರಾಗುತ್ತಿತ್ತು, ತೋಳಿಗೂ ಸಾಲುತ್ತಿತ್ತು. ಡ್ರೈವರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇದನ್ನ ಬದಲಾಯಿಸೋದಲ್ಲ ಆಂಟಿ, ಮಣ್ಣು ಮಾಡ್ಬೇಕು" ಅಂದ. ಅಂಚು ಒರೆಸಿ ಸೈಜ್ ಓದಿಕೊಂಡು, ಹೊಸದನ್ನು ತಂದದ್ದೂ ಆಯಿತು, ಕೂರಿಸಿದ್ದೂ ಆಯಿತು, ಹೊಲಿಗೆ ಮೇಜನ್ನು ಹಿಂದಿನ ವರಾಂಡಕ್ಕೆ ಸಾಗಿಸಿದ್ದೂ ಆಯಿತು. ಅಕ್ಕನ ಮಗ ಅಮ್ಮನನ್ನು ಕರೆತಂದು ಬಿಟ್ಟು, "ಒಂದು ವಾರ ನೋಡೋಣ ಚಿಕ್ಕಮ್ಮ, ಕೆಮ್ಮು ಜಾಸ್ತಿಯಾದ್ರೆ ಕಾರು ತರ್ತೀನಿ" ಎಂದು ಹೇಳಿ ಹೋಗಿದ್ದಾನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಸಣ್ಣವು. ಇನ್ನು ಮುಂದೆ ಫಿಲ್ಟರ್ ತುಂಬಿದಾಗ ದಯವಿಟ್ಟು ಕೆಂಪಗಾಗಬೇಕು, ಇಲ್ಲವೇ ಕೆಳಗಿಳಿದು ಬಂದು ಭುಜ ತಟ್ಟಬೇಕು. ತಮ್ಮ ಸಂತಾನದಲ್ಲಿ ಮುಂದೆ ಹುಟ್ಟುವವರೆಲ್ಲ ಮೂಗನ್ನು ಮುಖದ ಮೇಲೆಯೇ ಇಟ್ಟುಕೊಂಡು ಹುಟ್ಟುವಂತೆ ನೋಡಿಕೊಳ್ಳಬೇಕು. ಆ ಕೈಪಿಡಿ ಬರೆದವರ ಮನೆಯಲ್ಲಿ ತಮ್ಮ ಬಳಗದವರು ಯಾರಾದರೂ ಇದ್ದರೆ, ಒಂದು ದಿನದ ಮಟ್ಟಿಗೆ ಅವರ ಚಪ್ಪಲಿ, ಕನ್ನಡಕ, ಬಚ್ಚಲ ಬಾಗಿಲು, ಎಲ್ಲವನ್ನೂ ಜೋಡಿಸಿದವರು ಇಟ್ಟ ಜಾಗದಲ್ಲಿ ಇಡಿಸಬೇಕು. ಇಷ್ಟು ನಡೆಸಿಕೊಟ್ಟರೆ ತಮ್ಮ ಮೇಲೆ ನನ್ನದೇನೂ ತಕರಾರಿಲ್ಲ.

ತಾವು ಬಿಟ್ಟ ಗಾಳಿಯನ್ನೇ ನೆಚ್ಚಿಕೊಂಡಿರುವ
ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಹೊಲಿಗೆಯವಳು

ಮರೆತ ಮಾತು: ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತಿದೆ, ಗಾಳಿ ಹೋಗುವ ದಿಕ್ಕಿಗೆ ಅದು ಮುಖ ಮಾಡಿರಬೇಕಂತೆ. ನಾನು ಗೋಡೆಯೊಳಕ್ಕೆ, ಅಂದರೆ ತಮ್ಮ ಕಡೆಗೆ, ಮುಖ ಮಾಡಿಟ್ಟೆ. ಡ್ರೈವರ್ "ಗಾಳಿ ಬರೋದು ರೂಮಿಗಲ್ವಾ ಆಂಟಿ" ಅಂದದ್ದಕ್ಕೆ ತಿರುಗಿಸಿದೆ. ಡಬ್ಬಿ ಓದಿ ಮತ್ತೆ ತಿರುಗಿಸಿದೆ, ಮಲಗಿ ಯೋಚಿಸಿ ಎದ್ದು ತಿರುಗಿಸಿದೆ, ಆಮೇಲೆ ತಿರುಗಿಸಿದೆನೋ ತಿರುಗಿಸಬೇಕೆಂದುಕೊಂಡೆನೋ ನೆನಪಿಲ್ಲ. ಈಗ ಬಿಚ್ಚಿ ನೋಡೋಣವೆಂದರೆ ಅಕ್ಕ ಅದೇ ಗೋಡೆಯ ಪಕ್ಕ ಹಾಸಿಗೆ ಹಾಕಿಸಿಕೊಂಡು, "ಇನ್ನೊಂದ್ಸಲ ಆ ಚಿಲಕ ಮುಟ್ಟು, ನಾನೇ ಎದ್ದು ನಾಯಿ ಹತ್ರ ಹೋಗ್ತೀನಿ" ಎಂದಿದ್ದಾಳೆ. ಬೆಳಿಗ್ಗೆ ಒಮ್ಮೆ ಕೆಮ್ಮಿದಳು. ಗಂಟಲು ಸರಿಮಾಡಿಕೊಂಡೆ ಅಂದಳು. ಒಳಗಿನಿಂದ ನೋಡಬಲ್ಲವರು ತಾವೊಬ್ಬರೇ. ಹೇಗೂ ಸುಮ್ಮನೆ ಕೂತಿದ್ದೀರಿ, ಬಾಣ ತಮ್ಮ ಕಡೆಗೇ ಇದೆಯೇ, ಇನ್ನೊಂದು ಸಲ ನೋಡಿ ಹೇಳಿ.