ಬೆರಳು ಸೋಕದ ನವಿಲು

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ತಾಲೂಕಿನಾಗ ಬೆಳ್ಳಿ ಪ್ರೂಫ್ ನಾಣ್ಯ, ಅಂದ್ರ ಸಂತಿ ಖರ್ಚಿಗಲ್ಲ, ಇಟ್ಟು ನೋಡಾಕಂತನ ಕನ್ನಡಿ ಹಂಗ ಹೊಡೆದ ನಾಣ್ಯ, ಮೊದಲು ತಂದಾಂವ ನಾನು. ತಂದ ದಿನದಿಂದ ಇವತ್ತಿನ ತನಕ ಅದರ ಮಾರಿಗೆ ನನ್ನ ಬೆರಳು ಸೋಕಿಲ್ಲ. ಬೇಕಾದ್ರ ಕೇಳ್ರಿ ಅನ್ನಬಹುದಿತ್ತು. ಆದರ ಕೊಟ್ಟ ಸರಾಫನೂ ತೀರಿಕೊಂಡಾನ, ಬಸ್ಸಿನಾಗ ನೋಡಿದ ಕಂಡಕ್ಟರನೂ ಈಗಿಲ್ಲ. ನಾ ಸಾಲಿ ಮೆಟ್ಟಲ ಹತ್ತಿದಾಂವಲ್ಲ. ನಾ ಹೇಳಾಕತ್ತೀನಿ, ಮೊಮ್ಮಗಳು ಬರಕೊಳ್ಳಾಕತ್ತಾಳ. ಇಂಥಾ ನಾಣ್ಯ ವರ್ಷಕ್ಕೊಂದು ಮನಿಗೆ ಬರಾಕ ಸುರು ಆದಾಗಿಂದ ಒಂದಿಲ್ಲೊಂದು ಫಜೀತಿ ಆಗಕೋತನ ಬಂದೈತಿ. ಈಗಂತೂ ಅವುಗಳ ಜೀವಕ್ಕೇ ಬಂದಿತ್ತು. ಈ ಮೊಮ್ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕ ಅವನ್ನ ಕರಗಿಸಿ ಬೆಳ್ಳಿ ಕಾಲ್ಗಡಗ ಮಾಡಸ್ತೀನಂತ ನಮ್ಮ ಮುದುಕಿ ಪಟ್ಟು ಹಿಡಿದಿದ್ದಳು.

ಬಸ್ಸಿನಾಗ ದೇವರು

ಪರದೇಶದ ಯಾವುದೋ ಟಂಕಸಾಲಿ ವರ್ಷಕ್ಕೊಂದು ಬೆಳ್ಳಿ ನಾಣ್ಯ ಹೊಡೀತೈತಿ. ಹಿಂದ ಅದೇ ಸಿಂಹ, ಮುಂದಿನ ಚಿತ್ರ ಮಾತ್ರ ವರ್ಷಾ ಬ್ಯಾರೆ. ಸಿಂಧನೂರಿನ ಸರಾಫ ನನಗಂತ ತರಿಸಿದ ಮೊದಲನೇದು ನವಿಲು. ಡಬ್ಬಿ ತೆಗೆದ ನೋಡ್ರಿ, ನಾ ಉಸಿರಾಡೂದು ಮರತೆ! ನಾಟಿಗೆ ಮೊದಲು ಗದ್ದಿ ನೀರು ಗಾಳಿ ಇಲ್ಲದ ನಿಂತಿರ್ತೈತಲ್ಲ, ಹಂಗ ನೆಲಾ ಕನ್ನಡಿ. ಅದರ ಮ್ಯಾಲ ಇಬ್ಬನಿ ಬಿದ್ದಂಥ ಬಿಳೀ ನವಿಲು. ನನ್ನ ಮೀಸಿ ಒಂದೊಂದು ಕೂದಲೂ ಅದರಾಗ ಕಂಡ್ವು.

"ಅಜ್ಜಾ, ಮಾರಿಗೆ ಬೆರಳು ಹಚ್ಚಬ್ಯಾಡ. ಹಚ್ಚಿದ್ರ ಗುರುತು ಹೋಗೂದಿಲ್ಲ," ಅಂದ ಸರಾಫ. ಚೀಟಿ ಮ್ಯಾಲ ನನ್ನ ಹೆಬ್ಬಟ್ಟು ಒತ್ತಿಸಿಕೊಂಡ. ನಡುವ ಕುಡಗೋಲು ಸೀಳಿದ ಹೆಬ್ಬಟ್ಟು ಅದು. ಎಂಥಾ ಕಳ್ಳ ಬಂದ್ರೂ ನನ್ನ ರುಜು ನಕಲು ಮಾಡಾಕ ಬರೂದಿಲ್ಲ.

ಬಳಗಾನೂರು ಬಸ್ಸಿನಾಗ ಡಬ್ಬಿ ಎರಡೂ ಕೈಲೆ ತಲಿ ಮ್ಯಾಲೆತ್ತಿ ನಿಂತೆ. ಬ್ರೇಕ್ ಹಾಕಿದಾಗೊಮ್ಮೆ ಒಬ್ಬೊಬ್ಬರ ಮ್ಯಾಲ ಬೀಳೂದು, ಡಬ್ಬಿ ಮಾತ್ರ ಇಳಸಲಿಲ್ಲ.

"ಟಿಕೆಟ್ ತಗೊಳ್ರಿ ಅಜ್ಜಾರ," ಅಂದ ಕಂಡಕ್ಟರ್.

"ಕೈ ಖಾಲಿ ಇಲ್ಲೋ ತಮ್ಮಾ, ಕಿಸೆದಾಗ ರೊಕ್ಕ ಐತಿ, ನೀನ ತಗೋ."

"ಏನೈತ್ರಿ ಅದರಾಗ, ದೇವರೇನು?"

ನಾ ಹೌದೂ ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ. ಬಳಗಾನೂರಾಗ ಇಳಿಯೂದ್ರಾಗ ಡಬ್ಬಿ ಮ್ಯಾಲ ಎರಡು ಮೊಳ ಮಲ್ಲಿಗಿ ಏರಿತ್ತು, ಹಿಂದ ನಾಕು ಮಂದಿ ಹೆಣ್ಮಕ್ಕಳು ಕೈಮುಗಿದು ನಿಂತಿದ್ರು.

ಸೋತ ಹುಂಜ

ಮರು ವರ್ಷದ ಚಿತ್ರ ಹುಂಜ. ಅದನ್ನ ನೋಡಾಕಂತನ ಲಿಂಗಸುಗೂರಿಂದ ಒಬ್ಬ ಸಾಹುಕಾರ ಬಂದ. ಕಟ್ಟಿ ಮ್ಯಾಲ ಬಿಸಲಿಗೆ ಇಟ್ಟು ತೋರಸಾಕತ್ತಿದ್ದೆ. ನಮ್ಮ ಹುಂಜ ಬಂದು ಬಗ್ಗಿ ನೋಡ್ತು. ಒಳಗ ಇನ್ನೊಂದು ಹುಂಜ! ಹಾರಿ ಬಿತ್ತು ನೋಡ್ರಿ. ನಾಣ್ಯದ ಮ್ಯಾಲ ಗಾಜಿನಂಥ ಮುಚ್ಚಳ ಇತ್ತು, ಬಚಾವಾತು. ಹೊತ್ತು ಮುಳುಗೂತನಕ ಕಾದಾಡಿ ನಮ್ಮ ಹುಂಜನ ಸೋತು ಕುಂತಿತು. ಆ ನಾಚಿಕಿಗೆ ಒಂದು ತಿಂಗಳು ಕೂಗಲಿಲ್ಲ. ಓಣಿ ಮಂದಿಗೆಲ್ಲ ಎಚ್ಚರಾಗದ ಮುಂಜಾನಿ ಬಸ್ ತಪ್ಪಿ ಹೋತು.

ಸಾಹುಕಾರ ಎರಡನ್ನೂ ತಿರುಗಿ ತಿರುಗಿ ನೋಡಿ ಅಂದ: "ಅಜ್ಜಾರ, ನಾಣ್ಯ ನೀವ ಇಟ್ಕೊಳ್ರಿ. ನನಗ ಆ ಹುಂಜ ಕೊಡ್ರಿ."

ಆನಿ ಜಳಕ

ಆಮ್ಯಾಲಿಂದು ಆನಿ. ದೀಪಾವಳಿ ಲಕ್ಷ್ಮೀ ಪೂಜಿಗೆ ಬೆಳ್ಳಿ ಬೇಕಂತ ನಮ್ಮ ಮುದುಕಿ ಮುಚ್ಚಳ ಬಿಚ್ಚಿ, ಆನೀನ ಹೊರಗ ತೆಗೆದು, ಹುಣಸಿಹುಳಿ, ಬೂದಿ ಹಾಕಿ ತೆಂಗಿನ ನಾರಿಲೆ ಗಸಗಸ ತಿಕ್ಕಿದಳು. ಕನ್ನಡಿ ಹೋಗಿ ಹಂಚಿನ ತಳ ಆತು. ನಾ ಕಟ್ಟಿ ಮ್ಯಾಲ ಕುಂತು ಕಣ್ಣೀರು ಹಾಕಿದೆ.

"ಯಾಕ ಅಳ್ತೀ ಮುದಕಾ?" ಅಂದಳು. "ನೋಡಿಲ್ಲಿ, ಆನಿ ಮೈಮ್ಯಾಲಿನ ಬಿಳೀ ಧೂಳೆಲ್ಲ ಹೋತು!"

ಕಾಲ್ಗಡಗದ ಪಂಚಾಯ್ತಿ

ಗಡಗದ ಮಾತು ಬಂದಾಗ ನಾನ ಎದಿ ತಟ್ಟಿ ಕಾನೂನು ಹಾಕಿದೆ: "ಕೈ ಹತ್ತಿ ಕೆಟ್ಟದ್ದು ಗಡಗಕ್ಕ, ಕೈ ಹತ್ತಲಾರದ್ದು ನನ್ನ ಪೆಟಿಗಿಗೆ!" ಆನಿ ಹೆಂಗೂ ಕೆಟ್ಟಿತ್ತು, ಅದೊಂದು ಹೋದ್ರ ಹೋಗಲಿ ಅಂತ.

"ಒಂದು ಕಾಲಿಗೂ ಸಾಲೂದಿಲ್ಲ ಅದು," ಅಂದಳು ಮುದುಕಿ. "ಯಾವುದಕ್ಕ ಕೈ ಹತ್ತೈತಿ, ಎಲ್ಲಾ ನೋಡಸೂಣು."

ಸಿಂಧನೂರು ಬಾಜೂಕ ನಿರಾಶ್ರಿತರಿಗಂತ ಕಟ್ಟಿದ ಆರ್.ಎಚ್. ಕ್ಯಾಂಪಿನಾಗಿನ ನನ್ನ ಬಂಗಾಲಿ ಗೆಳೆಯನ್ನ ಕರೆಸಿದಳು. ಗಡಿಯಾರ ರಿಪೇರಿ ಮಾಡಾಂವ. ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಮೊದಲು ಹುಂಜ ನೋಡಿ, "ಸಾಫ್ ಐತಿ," ಅಂದ. ಮೊಮ್ಮಗಳು ಕೂಸು ಎತ್ಕೊಂಡು ಬಂದು ನಿಂತಳು. ನವಿಲು ಕೈಗೆ ತಗೊಂಡ. ಅದು ಮೊದಲನೇದು, ನನ್ನ ಜೀವ. ಆಂವ ಬೆಳಕಿಗೆ ಹಿಡಿದು ಹೊಳ್ಳಿಸಿ ಹೊಳ್ಳಿಸಿ ನೋಡಿದ.

"ನೋಡಿದೇನು ದೋಸ್ತಾ? ದಂಗಾದಿ ಹೌದಲ್ಲೋ?" ಅಂದೆ.

"ದಂಗಾಗೀನಿ. ನವಿಲಿನ ಗರಿ ಬಾಜೂಕ ಒಂದು ಬೆರಳಿನ ಗುರುತು ಐತಿ."

"ಸರಾಫಂದಿರಬೇಕು. ಪಾಪ, ಸತ್ತ ಮನಷ್ಯಾನ ಮ್ಯಾಲ ಯಾಕ ಹಾಕೂದು, ಬಿಡು."

"ಬೆರಳಲ್ಲ, ಹೆಬ್ಬಟ್ಟು," ಅಂದ ಆಂವ, ಕಣ್ಣು ತೆಗೀದನ. "ನಡುವ ಸೀಳು ಬ್ಯಾರೆ ಐತಿ."

ಮುದುಕಿ ಎದ್ದು ಬಂದಳು. ನನ್ನ ಎಡಗೈ ಹಿಡಿದು, ಹೆಬ್ಬಟ್ಟು ಎತ್ತಿ, ಎಲ್ಲಾರಿಗೂ ತೋರಿಸಿದಳು. ಕೂಸು ಸೈತ ನೋಡ್ತು.

ನಾ ಕೈ ಬಿಡಿಸಿಕೊಂಡೆ. ಹೆಗಲ ಮ್ಯಾಲಿನ ಟವಲ್ಲು ಒಂದು ಸಲ ಕೊಡವಿ ಹಾಕ್ಕೊಂಡೆ.

"ಹೂಂ, ರುಜು ಮಾಡೀನಿ. ರುಜು ಮಾಡಿದ್ದನ್ನ ಯಾವ ಸರಾಫ ಕರಗಸ್ತಾನ, ಹೋಗಿ ಕೇಳ್ಕೊಂಡು ಬಾ."